ಪ್ರಾಸ್ಟೇಟ್ ಕ್ಯಾನ್ಸರ್: ಸಕ್ಕರೆಯ ಚಿಂತೆ ಗಂಟಿನದೋ, ಇಂಜೆಕ್ಷನ್ನಿನದೋ?

ಜಮಖಂಡಿಯಿಂದ ಅಥಣಿಯವರೆಗೆ ಯಾವ ಊರಲ್ಲೇ ಆಗಲಿ, ಪ್ರಾಸ್ಟೇಟ್ ಕ್ಯಾನ್ಸರ್ ಎಂದು ಬಯಾಪ್ಸಿ ರಿಪೋರ್ಟ್ ಬಂದ ಮನೆಯಲ್ಲಿ ಮೊದಲು ಬಂದ್ ಆಗುವುದು ಚಹಾದ ಸಕ್ಕರೆ. ‘ಕಾಕಾ, ಕ್ಯಾನ್ಸರ್ ಗಂಟಿಗೆ ಸಕ್ಕರಿನ ಊಟ ಅಂತ, ಇವತ್ತಿಂದ ಬಿಟ್ಟಬಿಡ್ರಿ’ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ‘ಸಕ್ಕರಿ ಬ್ಯಾಡ, ಬೆಲ್ಲ ನಡೀತೈತಿ’ ಎಂದು ಇನ್ನೊಬ್ಬರು ತಿದ್ದುತ್ತಾರೆ. ಮೂರು ತಿಂಗಳಿಗೊಮ್ಮೆ ಗಂಡಸಿನ ಹಾರ್ಮೋನ್ ಇಳಿಸುವ ಇಂಜೆಕ್ಷನ್, ಅಂದರೆ ಹಾರ್ಮೋನ್ ಚಿಕಿತ್ಸೆ, ಶುರುವಾಗುತ್ತದೆ. ವರ್ಷ ಕಳೆಯುವಷ್ಟರಲ್ಲಿ ಹೊಟ್ಟೆ ಬರುತ್ತದೆ, ತೋಳು ಸಣ್ಣಗಾಗುತ್ತದೆ, ರಕ್ತದಲ್ಲಿ ಶುಗರ್ ಏರುತ್ತದೆ. ಆ ಏರಿಕೆಯನ್ನು ಮಾತ್ರ ಯಾರೂ ಕ್ಯಾನ್ಸರಿನ ಲೆಕ್ಕಕ್ಕೆ ಸೇರಿಸುವುದಿಲ್ಲ.

ಕ್ಯಾನ್ಸರಿಗೂ ಸಕ್ಕರೆಗೂ ನಂಟಿದೆ ಎಂಬುದು ಸುಳ್ಳಲ್ಲ. ಆದರೆ ಪ್ರಾಸ್ಟೇಟಿನಲ್ಲಿ ಆ ನಂಟು ಜನ ತಿಳಿದ ದಿಕ್ಕಿನಲ್ಲಿಲ್ಲ. ಕಳೆದ ಹತ್ತು ಹದಿನೈದು ವರ್ಷಗಳ ಸಂಶೋಧನೆಯನ್ನು ಸಾಲಾಗಿ ಇಟ್ಟು ನೋಡಿದರೆ, ಗಂಟು ತಿನ್ನುವ ಸಕ್ಕರೆಗಿಂತ ಚಿಕಿತ್ಸೆ ಏರಿಸುವ ಸಕ್ಕರೆಯೇ ರೋಗಿಗೆ ಹೆಚ್ಚು ಅಪಾಯ ತರುವಂಥದ್ದು ಎಂದು ಕಾಣುತ್ತದೆ.

ಮೊದಲು ಹಳೆಯ ಮಾತಿನ ಮೂಲ. ಜರ್ಮನಿಯ ಒಟ್ಟೊ ವಾರ್ಬರ್ಗ್ 1920ರ ದಶಕದಲ್ಲಿ ಗಮನಿಸಿದ ಸಂಗತಿ ಇದು. ಒಂದು ಗ್ಲೂಕೋಸ್ ಅಣು ಕೋಶದೊಳಗೆ ಎರಡು ಪೈರುವೇಟ್ ಆಗಿ ಒಡೆದಾಗ ಕೈಗೆ ಸಿಗುವ ಶಕ್ತಿ 2 ಎಟಿಪಿ (ಕೋಶ ಖರ್ಚು ಮಾಡುವ ಶಕ್ತಿಯ ನಾಣ್ಯ) ಮಾತ್ರ. ಅದೇ ಪೈರುವೇಟ್ ಕೋಶದ ಒಲೆಯಾದ ಮೈಟೊಕಾಂಡ್ರಿಯಾದೊಳಗೆ ಹೋಗಿ ಆಮ್ಲಜನಕದೊಡನೆ ಪೂರ್ತಿ ಉರಿದರೆ ಒಟ್ಟು 30ರಿಂದ 32 ಎಟಿಪಿ. ಆಮ್ಲಜನಕ ಬೇಕಾದಷ್ಟಿದ್ದರೂ ಅನೇಕ ಕ್ಯಾನ್ಸರ್ ಕೋಶಗಳು ಮೊದಲ ಹಂತಕ್ಕೇ ನಿಲ್ಲಿಸಿ, ಉಳಿದದ್ದನ್ನು ಲ್ಯಾಕ್ಟೇಟ್ ಮಾಡಿ ಹೊರಗೆ ಚೆಲ್ಲುತ್ತವೆ. ಕಬ್ಬನ್ನು ಗಾಣಕ್ಕೆ ಒಂದೇ ಸಲ ಕೊಟ್ಟು, ಅರ್ಧ ಹಾಲು ಇರುವಾಗಲೇ ಸಿಪ್ಪೆ ಎಸೆದಂತೆ. ಇಳುವರಿ ತೀರಾ ಕಡಿಮೆ, ಆದರೆ ಕೆಲಸ ಜೋರು. ಹೊಸ ಕೋಶ ಕಟ್ಟಲು ಬೇಕಾದ ಕಚ್ಚಾ ಸಾಮಗ್ರಿಯೂ ದಾರಿಯಲ್ಲೇ ಸಿಗುತ್ತದೆ. ಹಾಗಾಗಿ ಅಂಥ ಗಂಟಿಗೆ ಗ್ಲೂಕೋಸ್ ರಾಶಿಗಟ್ಟಲೆ ಬೇಕು. ‘ಕ್ಯಾನ್ಸರ್ ಸಕ್ಕರೆ ತಿನ್ನುತ್ತದೆ’ ಎಂಬ ಮಾತು ಹುಟ್ಟಿದ್ದು ಇಲ್ಲಿಂದ.

ಪ್ರಾಸ್ಟೇಟಿನ ಒಲೆ ಬೇರೆ

ಪ್ರಾಸ್ಟೇಟ್ ಗ್ರಂಥಿಯ ಮುಖ್ಯ ಕೆಲಸ ವೀರ್ಯಕ್ಕೆ ಸೇರುವ ದ್ರವ ತಯಾರಿಸುವುದು. ಆ ದ್ರವದಲ್ಲಿ ಸಿಟ್ರೇಟ್ (ಗ್ಲೂಕೋಸ್ ಉರಿಯುವ ದಾರಿಯಲ್ಲಿ ಹುಟ್ಟುವ ವಸ್ತು) ರಕ್ತದಲ್ಲಿರುವುದಕ್ಕಿಂತ ನೂರಾರು ಪಟ್ಟು ಹೆಚ್ಚು. ಉಳಿದ ಅಂಗಗಳ ಕೋಶಗಳು ಸಿಟ್ರೇಟನ್ನು ತಮ್ಮ ಒಲೆಯಲ್ಲೇ ಉರಿಸಿ ಶಕ್ತಿ ಪಡೆಯುತ್ತವೆ. ಪ್ರಾಸ್ಟೇಟಿನ ಕೋಶ ಅದನ್ನು ಉರಿಸದೆ ಹೊರಗೆ ಕಳಿಸಬೇಕು. ಇದಕ್ಕೆ ಅದು ಸತುವನ್ನು, ಅಂದರೆ ಜಿಂಕನ್ನು, ಬಳಸುತ್ತದೆ. ‘ಜಿಪ್1’ ಎಂಬ ಸಾಗಣೆ ಪ್ರೋಟೀನು ಸತುವನ್ನು ಕೋಶದೊಳಗೆ ತುಂಬುತ್ತದೆ, ಆ ಸತುವು ‘ಅಕೊನಿಟೇಸ್’ ಕಿಣ್ವವನ್ನು ತಡೆಹಿಡಿಯುತ್ತದೆ, ಸಿಟ್ರೇಟ್ ಮುಂದೆ ಸಾಗದೆ ಶೇಖರವಾಗುತ್ತದೆ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಲೆಸ್ಲಿ ಕಾಸ್ಟೆಲೊ ಮತ್ತು ರೆಂಟಿ ಫ್ರ್ಯಾಂಕ್ಲಿನ್ ದಶಕಗಟ್ಟಲೆ ಕೂತು ಬಿಡಿಸಿದ ಒಗಟು ಇದು.

ಕ್ಯಾನ್ಸರ್ ಶುರುವಾದಾಗ ಜಿಪ್1 ಮಾಯವಾಗುತ್ತದೆ. ಸತುವು ಇಳಿಯುತ್ತದೆ, ತಡೆ ಬಿಡುತ್ತದೆ, ಸಿಟ್ರೇಟ್ ಒಳಗೇ ಉರಿಯತೊಡಗುತ್ತದೆ. ಅಂದರೆ ಬೇರೆ ಅಂಗಗಳ ಕೋಶ ಕೆಟ್ಟಾಗ ಮೈಟೊಕಾಂಡ್ರಿಯಾದ ಒಲೆಯಿಂದ ದೂರ ಸರಿದರೆ, ಪ್ರಾಸ್ಟೇಟಿನ ಕೋಶ ಕೆಟ್ಟಾಗ ಆ ಒಲೆಯನ್ನೇ ಹೊತ್ತಿಸುತ್ತದೆ. ಅದರ ಜೊತೆ ಕೊಬ್ಬು ತಯಾರಿಸುವ ಕೆಲಸವೂ ಜೋರಾಗುತ್ತದೆ. ಇವೆರಡಕ್ಕೂ ಗಂಡಸಿನ ಹಾರ್ಮೋನೇ (ಟೆಸ್ಟೋಸ್ಟೆರೋನ್) ಯಜಮಾನ. ಪೈರುವೇಟನ್ನು ಮೈಟೊಕಾಂಡ್ರಿಯಾದೊಳಗೆ ಬಿಡುವ ಬಾಗಿಲನ್ನೂ ಇದೇ ಹಾರ್ಮೋನಿನ ಗ್ರಾಹಿ (ಹಾರ್ಮೋನ್ ಬಂದು ಕೂರುವ ಪ್ರೋಟೀನು) ನಿಯಂತ್ರಿಸುತ್ತದೆ, ಆ ಬಾಗಿಲು ಮುಚ್ಚಿದರೆ ಇಲಿಗಳಲ್ಲಿ ಗಂಟು ಬೆಳೆಯುವುದು ಕುಂಠಿತವಾಗುತ್ತದೆ ಎಂದು 2019ರ ಪ್ರಯೋಗಗಳು ತೋರಿಸಿದವು.

ಇಲ್ಲೊಂದು ಎಚ್ಚರಿಕೆ. ‘ಸತುವು ಇಳಿಯುತ್ತದೆ’ ಎಂದು ಓದಿದವರು ಮೆಡಿಕಲ್ ಅಂಗಡಿಗೆ ಹೋಗಿ ಜಿಂಕ್ ಮಾತ್ರೆ ಕೊಳ್ಳುವುದುಂಟು. ಕೊರತೆ ಹೊಟ್ಟೆಯಲ್ಲಿಲ್ಲ, ಕೋಶದ ಬಾಗಿಲಲ್ಲಿದೆ. ನುಂಗಿದ ಸತುವು ಅಲ್ಲಿಗೆ ತಲುಪುವುದಿಲ್ಲ. ಅಮೆರಿಕದ ಸುಮಾರು 47 ಸಾವಿರ ಗಂಡಸರನ್ನು ಅನುಸರಿಸಿ 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಿನಕ್ಕೆ 100 ಮಿಲಿಗ್ರಾಂಗಿಂತ ಹೆಚ್ಚು ಜಿಂಕ್ ಮಾತ್ರೆ ತಿನ್ನುತ್ತಿದ್ದವರಲ್ಲಿ ಮುಂದುವರಿದ ಪ್ರಾಸ್ಟೇಟ್ ಕ್ಯಾನ್ಸರ್ ಎರಡು ಪಟ್ಟಿಗೂ ಹೆಚ್ಚು ಕಂಡಿತ್ತು.

ಸ್ಕ್ಯಾನಿನಲ್ಲಿ ಇದು ಹೇಗೆ ಕಾಣುತ್ತದೆ

ಪೆಟ್ ಸ್ಕ್ಯಾನಿನಲ್ಲಿ ಸಾಮಾನ್ಯವಾಗಿ ಕೊಡುವ ಎಫ್‌ಡಿಜಿ ಎಂದರೆ ವಿಕಿರಣ ಸೂಸುವ ಫ್ಲೋರಿನ್ ಅಂಟಿಸಿದ ಗ್ಲೂಕೋಸ್. ಸಕ್ಕರೆ ಹೆಚ್ಚು ನುಂಗುವ ಕೋಶದಲ್ಲಿ ಅದು ಸಿಕ್ಕಿಕೊಂಡು ಹೊಳೆಯುತ್ತದೆ. ಶ್ವಾಸಕೋಶದ ಗಂಟು, ಲಿಂಫೋಮಾ ಇದರಲ್ಲಿ ಚೆನ್ನಾಗಿ ಕಾಣುತ್ತವೆ. ಆರಂಭದ ಪ್ರಾಸ್ಟೇಟ್ ಕ್ಯಾನ್ಸರ್ ಮಾತ್ರ ಹಲವು ಸಲ ಮಬ್ಬಾಗಿಯೇ ಉಳಿಯುತ್ತದೆ, ಏಕೆಂದರೆ ಅದು ಅಷ್ಟು ಸಕ್ಕರೆ ಎಳೆಯುವುದಿಲ್ಲ. ಸಾಲದ್ದಕ್ಕೆ ಎಫ್‌ಡಿಜಿ ಮೂತ್ರದಲ್ಲಿ ಹೊರಹೋಗುವುದರಿಂದ ಮೇಲೆಯೇ ಇರುವ ಮೂತ್ರಕೋಶದ ಹೊಳಪು ಕೆಳಗಿನದನ್ನು ಮುಚ್ಚಿಬಿಡುತ್ತದೆ. ‘ಪೆಟ್‌ನಲ್ಲಿ ಏನೂ ಬಂದಿಲ್ಲ’ ಎಂದು ನಿರಾಳವಾಗುವ ಮೊದಲು ಯಾವ ಪೆಟ್ ಎಂದು ಕೇಳಬೇಕು. ಪ್ರಾಸ್ಟೇಟಿಗೆ ಈಗ ಮುಖ್ಯವಾಗಿ ಬಳಸುವುದು ಪಿಎಸ್‌ಎಂಎ ಪೆಟ್. ಅದು ಸಕ್ಕರೆಯನ್ನಲ್ಲ, ಕೋಶದ ಮೇಲ್ಮೈಯ ಅದೇ ಹೆಸರಿನ ಪ್ರೋಟೀನನ್ನು ಹುಡುಕುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅದಕ್ಕೆ ಮೊದಲ ಒಪ್ಪಿಗೆ ಕೊಟ್ಟಿದ್ದು 2020ರ ಡಿಸೆಂಬರಿನಲ್ಲಿ.

ಹಾಗಾದರೆ ಎಫ್‌ಡಿಜಿ ವ್ಯರ್ಥವೇ? ಇಲ್ಲ, ಕಥೆ ಇಲ್ಲೇ ತಿರುಗುತ್ತದೆ. ಹಾರ್ಮೋನ್ ಚಿಕಿತ್ಸೆಗೂ ಬಗ್ಗದ ಹಂತ ತಲುಪಿದ, ಅದರಲ್ಲೂ ನ್ಯೂರೋಎಂಡೋಕ್ರೈನ್ (ನರಕೋಶವನ್ನು ಹೋಲುವ, ಜೋರಿನ) ಸ್ವರೂಪಕ್ಕೆ ತಿರುಗಿದ ಗಂಟು ವಾರ್ಬರ್ಗ್ ಹೇಳಿದ ದಾರಿಗೆ ಬೀಳುತ್ತದೆ, ಸಕ್ಕರೆ ಜಗ್ಗತೊಡಗುತ್ತದೆ. ಪಿಎಸ್‌ಎಂಎಯಲ್ಲಿ ಕಾಣದೆ ಎಫ್‌ಡಿಜಿಯಲ್ಲಿ ಮಾತ್ರ ಹೊಳೆಯುವ ಗಂಟು ಇದ್ದರೆ ಅದು ಒಳ್ಳೆಯ ಸೂಚನೆಯಲ್ಲ. ಆ ಪ್ರೋಟೀನನ್ನೇ ಹುಡುಕಿ ವಿಕಿರಣ ಕೊಡುವ ಲುಟೇಷಿಯಂ ಪಿಎಸ್‌ಎಂಎ ಚಿಕಿತ್ಸೆ ಅಂಥ ಗಂಟಿಗೆ ತಲುಪುವುದೇ ಇಲ್ಲ. ಆಸ್ಟ್ರೇಲಿಯಾದ ‘ಥೆರಾಪಿ’ ಎಂಬ ಪ್ರಯೋಗದಲ್ಲಿ, 2021ರಲ್ಲಿ ಫಲಿತಾಂಶ ಬಂದದ್ದು, ಎರಡೂ ಸ್ಕ್ಯಾನ್ ಮಾಡಿ ಹೀಗೆ ಹೊಂದದ ರೋಗಿಗಳನ್ನು ಮೊದಲೇ ಹೊರಗಿಟ್ಟಿದ್ದರು. ಆದ್ದರಿಂದ ಈ ದುಬಾರಿ ಚಿಕಿತ್ಸೆಗೆ ಹಣ ಹೊಂದಿಸುವ ಮೊದಲು ಎಫ್‌ಡಿಜಿಯೂ ಬೇಕೇ ಎಂದು ವೈದ್ಯರನ್ನು ಕೇಳುವುದು ಲಾಭದ ಮಾತು.

ಇಂಡಿ, ಸಿಂದಗಿ, ಬೀಳಗಿಯಂಥ ಊರುಗಳಿಂದ ದೂರದ ಪಟ್ಟಣಕ್ಕೆ ಸ್ಕ್ಯಾನಿಗೆ ಹೋಗುವವರಿಗೆ ದಿನ ಕೆಡುವುದು ಸಣ್ಣ ಕಾರಣಕ್ಕೆ. ಎಫ್‌ಡಿಜಿಗೆ ಕನಿಷ್ಠ 4ರಿಂದ 6 ತಾಸು ಖಾಲಿ ಹೊಟ್ಟೆ ಬೇಕು, ನೀರು ಮಾತ್ರ ನಡೆಯುತ್ತದೆ. ಬಸ್‌ಸ್ಟ್ಯಾಂಡಿನಲ್ಲಿ ಕುಡಿದ ಒಂದು ಕಪ್ ಸಿಹಿ ಚಹಾ ಇನ್ಸುಲಿನ್ ಏರಿಸಿ, ಔಷಧವನ್ನು ಗಂಟಿನ ಬದಲು ಸ್ನಾಯುಗಳಿಗೆ ತಳ್ಳುತ್ತದೆ. ರಕ್ತದ ಗ್ಲೂಕೋಸ್ 200 ಮಿಲಿಗ್ರಾಂ ದಾಟಿದ್ದರೆ ಹೆಚ್ಚಿನ ಕೇಂದ್ರಗಳು ದಿನ ಮುಂದೂಡುತ್ತವೆ. ಹಿಂದಿನ ದಿನ ಕಬ್ಬು ಕಡಿದಿದ್ದರೆ, ಮೂಟೆ ಹೊತ್ತಿದ್ದರೆ ತೋಳು ಬೆನ್ನಿನ ಸ್ನಾಯುಗಳೇ ಹೊಳೆದು ಗೊಂದಲ ಮಾಡುತ್ತವೆ. ಶುಗರಿನ ಮಾತ್ರೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ ಕರುಳು ಹೊಳೆಯುತ್ತದೆ, ಅದಕ್ಕೇ ಕೆಲವು ಕೇಂದ್ರಗಳು 48 ತಾಸು ಮುಂಚೆ ಅದನ್ನು ನಿಲ್ಲಿಸಲು ಹೇಳುತ್ತವೆ. ತಾವಾಗಿಯೇ ನಿಲ್ಲಿಸುವುದು ಬೇಡ, ಕೇಳಿ ನಿಲ್ಲಿಸಬೇಕು. ಫ್ಲೋರಿನ್-18ರ ಅರ್ಧಾಯುಷ್ಯ ಸುಮಾರು 110 ನಿಮಿಷ. ಎರಡು ತಾಸು ತಡವಾದರೆ ನಿಮಗಾಗಿ ತರಿಸಿದ ಔಷಧದಲ್ಲಿ ಅರ್ಧವೂ ಉಳಿದಿರುವುದಿಲ್ಲ. ಪಿಎಸ್‌ಎಂಎ ಪೆಟ್‌ಗೆ ಈ ಉಪವಾಸದ ಕಾಟ ಇಲ್ಲ.

ಮುಂದಿನ ಹೆಜ್ಜೆಯಾಗಿ ಪ್ರಯೋಗಾಲಯಗಳಲ್ಲಿ ನಡೆದಿರುವುದು ಪೈರುವೇಟ್ ಎಂಆರ್‌ಐ. ವಿಶೇಷವಾಗಿ ಸಿದ್ಧಪಡಿಸಿದ ಕಾರ್ಬನ್-13 ಪೈರುವೇಟನ್ನು ರಕ್ತಕ್ಕೆ ಕೊಟ್ಟು, ಅದು ಗಂಟಿನಲ್ಲಿ ಎಷ್ಟು ಬೇಗ ಲ್ಯಾಕ್ಟೇಟ್ ಆಗುತ್ತದೆ ಎಂದು ನೋಡುವುದು. ಜೋರಿನ ಗಂಟಿನಲ್ಲಿ ಬೇಗ. ಮನುಷ್ಯರ ಮೇಲೆ ಇದರ ಮೊದಲ ವರದಿ 2013ರದ್ದು, 31 ಪ್ರಾಸ್ಟೇಟ್ ರೋಗಿಗಳದ್ದು. ಆದರೆ ಆ ಪೈರುವೇಟಿನ ಸಂಕೇತ ನಿಮಿಷಗಳಲ್ಲೇ ಅಳಿಸಿಹೋಗುತ್ತದೆ, ಆಸ್ಪತ್ರೆಯ ಒಳಗೇ ತಯಾರಿಸಿ ಕೂಡಲೇ ಕೊಡಬೇಕು. ನಮ್ಮ ಕಡೆಗೆ ಸದ್ಯಕ್ಕೆ ಬರುವ ಮಾತಲ್ಲ.

ಔಷಧಗಳ ಸುತ್ತ

ಕೋಶಕ್ಕೆ ‘ಸಕ್ಕರೆ ಎಳೆ, ಬೆಳೆ’ ಎಂದು ಹೇಳುವ ತಂತಿಯೊಂದಿದೆ: ಇನ್ಸುಲಿನ್ನಿನಿಂದ ಪಿಐ3ಕೆ ಎಂಬ ಪ್ರೋಟೀನಿಗೆ, ಅಲ್ಲಿಂದ ಎಕೆಟಿ ಎಂಬ ಇನ್ನೊಂದಕ್ಕೆ. ಅದಕ್ಕೆ ಬ್ರೇಕ್ ‘ಪಿಟೆನ್’ ಎಂಬ ಜೀನು. ಮುಂದುವರಿದ ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಪಿಟೆನ್ ಕಳೆದುಹೋಗಿರುವುದು ಅಪರೂಪವಲ್ಲ. ಎಕೆಟಿಯನ್ನು ತಡೆಯುವ ಕ್ಯಾಪಿವಾಸರ್ಟಿಬ್ ಮಾತ್ರೆಯನ್ನು, ಗಂಡಸಿನ ಹಾರ್ಮೋನ್ ತಯಾರಾಗದಂತೆ ತಡೆಯುವ ಅಬಿರಾಟೆರೋನ್ ಜೊತೆ ಕೊಟ್ಟು, ಪಿಟೆನ್ ಕಳೆದುಕೊಂಡ 1000ಕ್ಕೂ ಹೆಚ್ಚು ರೋಗಿಗಳಲ್ಲಿ ನಡೆಸಿದ ಪ್ರಯೋಗದ ಫಲಿತಾಂಶ 2025ರಲ್ಲಿ ಬಂತು. ಸ್ಕ್ಯಾನಿನಲ್ಲಿ ರೋಗ ಮುಂದುವರಿಯುವುದು ಏಳು ತಿಂಗಳಿಗೂ ಹೆಚ್ಚು ತಡವಾಯಿತು. ಆದರೆ ಎಕೆಟಿ ನಮ್ಮ ಯಕೃತ್ತು, ಸ್ನಾಯುಗಳಿಗೂ ಬೇಕು. ಅದನ್ನು ತಡೆದರೆ ಅವು ಸಕ್ಕರೆ ಹೀರುವುದಿಲ್ಲ, ರಕ್ತದಲ್ಲಿ ಶುಗರ್ ಏರುತ್ತದೆ. ಏರಿದ ಶುಗರಿಗೆ ಮೇದೋಜೀರಕ ಗ್ರಂಥಿ ಇನ್ಸುಲಿನ್ ಸುರಿಯುತ್ತದೆ. ಆ ಇನ್ಸುಲಿನ್ ಮುಚ್ಚಿದ ದಾರಿಯನ್ನೇ ಮತ್ತೆ ತೆರೆಯಲು ನೋಡುತ್ತದೆ. 2018ರಲ್ಲಿ ಇಲಿಗಳ ಮೇಲೆ ಇದನ್ನು ತೋರಿಸಿದ ವಿಜ್ಞಾನಿಗಳು, ಪಿಐ3ಕೆ ತಡೆಯುವ ಔಷಧದ ಜೊತೆ ಕೀಟೋ ಆಹಾರ (ಕಾರ್ಬೋಹೈಡ್ರೇಟ್ ತೀರಾ ಕಡಿಮೆ, ಕೊಬ್ಬು ಹೆಚ್ಚು) ಕೊಟ್ಟಾಗ ಗುಣ ಹೆಚ್ಚಿದ್ದನ್ನು ಕಂಡರು. ಅದೇ ಪ್ರಯೋಗದಲ್ಲಿ ಔಷಧವಿಲ್ಲದೆ ಕೀಟೋ ಒಂದನ್ನೇ ಕೊಟ್ಟಾಗ ಒಂದು ಬಗೆಯ ರಕ್ತ ಕ್ಯಾನ್ಸರ್ ಇಲಿಗಳಲ್ಲಿ ಜೋರಾಯಿತು. ವಾಟ್ಸಾಪಿನಲ್ಲಿ ಓಡಾಡುವುದು ಮೊದಲ ಅರ್ಧ ಮಾತ್ರ.

ಮೆಟ್‌ಫಾರ್ಮಿನ್ ಮೇಲೆ ಇದ್ದ ಆಸೆ ಇನ್ನೂ ದೊಡ್ಡದು. ಅಗ್ಗ, ಹಳೆಯದು, ಮೈಟೊಕಾಂಡ್ರಿಯಾದ ಒಲೆಯನ್ನೇ ತಗ್ಗಿಸುವಂಥದ್ದು; ಪ್ರಾಸ್ಟೇಟಿಗೆ ಹೇಳಿ ಮಾಡಿಸಿದ ಔಷಧ ಅನ್ನಿಸಿದ್ದರಲ್ಲಿ ತಪ್ಪಿಲ್ಲ. ಬ್ರಿಟನ್ನಿನ ಸ್ಟ್ಯಾಂಪೀಡ್ ಪ್ರಯೋಗದಲ್ಲಿ ಶುಗರ್ ಇಲ್ಲದ, ಕ್ಯಾನ್ಸರ್ ಹರಡಿದ್ದ 1874 ರೋಗಿಗಳಲ್ಲಿ ಅರ್ಧ ಜನಕ್ಕೆ ಮಾಮೂಲಿ ಚಿಕಿತ್ಸೆಯ ಜೊತೆ 850 ಮಿಲಿಗ್ರಾಂ ಮೆಟ್‌ಫಾರ್ಮಿನ್ ದಿನಕ್ಕೆರಡು ಸಲ ಕೊಟ್ಟರು. ಆಯುಷ್ಯ ಖಚಿತವಾಗಿ ಹೆಚ್ಚಿತು ಎನ್ನುವಷ್ಟು ವ್ಯತ್ಯಾಸ ಒಟ್ಟಾರೆಯಾಗಿ ಕಾಣಲಿಲ್ಲ. ಸಣ್ಣ ಗಂಟಿಟ್ಟುಕೊಂಡು ಬರೀ ನಿಗಾದಲ್ಲಿದ್ದವರ ಮೇಲೆ ಕೆನಡಾದಲ್ಲಿ ನಡೆದ ಪ್ರಯೋಗವೂ ಸೋತಿತು. ಇಷ್ಟಕ್ಕೇ ಕೈಬಿಟ್ಟವರು ಸ್ಟ್ಯಾಂಪೀಡಿನ ಇನ್ನೊಂದು ಸಾಲನ್ನು ಓದಿಲ್ಲ: ಹಾರ್ಮೋನ್ ಚಿಕಿತ್ಸೆಯಿಂದ ಏರುವ ತೂಕ, ಶುಗರ್, ಕೊಲೆಸ್ಟರಾಲ್ ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲಿ ಕಡಿಮೆ ಇದ್ದವು. ನಮಗೆ ಇದೇ ದೊಡ್ಡ ಫಲಿತಾಂಶ.

ಹಾರ್ಮೋನ್ ಇಳಿಸಿದ ಮೇಲೆ

ಗಂಡಸಿನ ಹಾರ್ಮೋನ್ ಕಡಿದರೆ ಪ್ರಾಸ್ಟೇಟ್ ಕ್ಯಾನ್ಸರ್ ಕುಗ್ಗುತ್ತದೆ ಎಂದು ಚಾರ್ಲ್ಸ್ ಹಗಿನ್ಸ್ 1941ರಲ್ಲೇ ತೋರಿಸಿದ್ದರು. ಇಂದಿಗೂ ಹರಡಿದ ರೋಗಕ್ಕೆ ಅದೇ ಬುಡ: ಲ್ಯೂಪ್ರೊಲೈಡ್‌ನಂಥ ಇಂಜೆಕ್ಷನ್, ಇಲ್ಲವೇ ಖರ್ಚು ಕಡಿಮೆ ಎಂದು ಹಳ್ಳಿಯವರು ಒಪ್ಪುವ, ಬೀಜ ತೆಗೆಯುವ ಆಪರೇಷನ್. ಆದರೆ ಟೆಸ್ಟೋಸ್ಟೆರೋನ್ ಸ್ನಾಯುವನ್ನು ಕಾಪಾಡುವ ಹಾರ್ಮೋನೂ ಹೌದು. ಊಟದ ನಂತರದ ಸಕ್ಕರೆಯ ದೊಡ್ಡ ಪಾಲು ಹೋಗಿ ಕೂರುವುದು ಸ್ನಾಯುಗಳಲ್ಲಿ. ಸ್ನಾಯು ಕರಗಿ ಅದರ ಜಾಗಕ್ಕೆ ಕೊಬ್ಬು ಬಂದರೆ ಇನ್ಸುಲಿನ್ ಇದ್ದರೂ ಕೆಲಸ ಮಾಡುವುದಿಲ್ಲ. ಬರೀ 12 ವಾರ ಚಿಕಿತ್ಸೆ ಪಡೆದವರಲ್ಲೇ ಮೈಕೊಬ್ಬು ಶೇ 4ರಷ್ಟು, ಖಾಲಿ ಹೊಟ್ಟೆಯ ಇನ್ಸುಲಿನ್ ಶೇ 26ರಷ್ಟು ಏರಿದ್ದನ್ನು 2006ರ ಒಂದು ಸಣ್ಣ ಅಧ್ಯಯನ ಅಳೆದಿತ್ತು. ಅದೇ ವರ್ಷ ಅಮೆರಿಕದ 73 ಸಾವಿರ ರೋಗಿಗಳ ದಾಖಲೆ ನೋಡಿದಾಗ, ಇಂಜೆಕ್ಷನ್ ಪಡೆಯುತ್ತಿದ್ದವರಲ್ಲಿ ಹೊಸದಾಗಿ ಶುಗರ್ ಬರುವ ಅಪಾಯ ಶೇ 44, ಹೃದಯದ ರಕ್ತನಾಳದ ರೋಗ ಶೇ 16 ಹೆಚ್ಚು. ಬೀಜ ತೆಗೆಸಿಕೊಂಡವರಲ್ಲೂ ಶುಗರಿನ ಅಪಾಯ ಶೇ 34 ಹೆಚ್ಚು. ‘ಆಪರೇಷನ್ ಆಗೇತಿ, ಇಂಜೆಕ್ಷನ್ ಇಲ್ಲ, ನನಗೇನಾಗಂಗಿಲ್ಲ’ ಎನ್ನುವಂತಿಲ್ಲ. 2010ರಿಂದ ಈ ಇಂಜೆಕ್ಷನ್‌ಗಳ ಲೇಬಲ್ಲಿನಲ್ಲಿ ಈ ಎಚ್ಚರಿಕೆ ಮುದ್ರಿಸುವುದನ್ನು ಅಮೆರಿಕ ಕಡ್ಡಾಯ ಮಾಡಿತು.

ಇದರ ಅರ್ಥ ಚಿಕಿತ್ಸೆ ಬಿಡಬೇಕೆಂದಲ್ಲ. ಮೊದಲ ಇಂಜೆಕ್ಷನ್ನಿಗೆ ಮುಂಚೆಯೇ ತೂಕ, ಸೊಂಟದ ಸುತ್ತಳತೆ, ಬಿಪಿ, ಖಾಲಿ ಹೊಟ್ಟೆಯ ಶುಗರ್, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್), ಕೊಲೆಸ್ಟರಾಲ್ ಬರೆದಿಟ್ಟುಕೊಳ್ಳಬೇಕು, ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಇಂಜೆಕ್ಷನ್ ದಿನವೇ, ಮತ್ತೆ ನೋಡಿಸಬೇಕು. ಒಂದು ತೊಡಕಿದೆ. ಹಾರ್ಮೋನ್ ಇಳಿದಾಗ ರಕ್ತವೂ ಕಡಿಮೆಯಾಗುತ್ತದೆ. ರಕ್ತಹೀನತೆ ಇದ್ದಾಗ, ಅದರಲ್ಲೂ ರಕ್ತ ಹಾಕಿಸಿದ ಮೇಲೆ, ಎಚ್‌ಬಿಎ1ಸಿ ದಾರಿ ತಪ್ಪಿಸಬಲ್ಲದು. ಅದೊಂದನ್ನೇ ನಂಬದೆ ಊಟದ ಎರಡು ತಾಸಿನ ನಂತರದ ಶುಗರೂ ಜೊತೆಗಿರಲಿ.

ಹೆಚ್ಚು ಎಡವಟ್ಟಾಗುವುದು ಅಬಿರಾಟೆರೋನ್ ಮಾತ್ರೆಯಲ್ಲಿ. ಇದರ ಜೊತೆ ಪ್ರೆಡ್ನಿಸೊಲೋನ್ 5 ಮಿಲಿಗ್ರಾಂ ದಿನಕ್ಕೆ ಒಂದೋ ಎರಡೋ ಸಲ ಇರುತ್ತದೆ. ‘ಅದು ಸ್ಟಿರಾಯ್ಡ್, ಶುಗರ್ ಏರಸ್ತೈತಿ’ ಎಂದು ಯಾರೋ ಹೇಳಿದರೆಂದು ಮನೆಯವರು ಅದೊಂದನ್ನೇ ನಿಲ್ಲಿಸಿಬಿಡುತ್ತಾರೆ. ಅಬಿರಾಟೆರೋನ್ ಅಡ್ರಿನಲ್ ಗ್ರಂಥಿಯ ಒಂದು ದಾರಿ ಮುಚ್ಚುತ್ತದೆ, ಹರಿವು ಇನ್ನೊಂದು ದಾರಿಗೆ ನುಗ್ಗಿ ಉಪ್ಪು ಹಿಡಿದಿಡುವ ಹಾರ್ಮೋನ್ ಹೆಚ್ಚುತ್ತದೆ. ಅದನ್ನು ತಡೆಯಲೆಂದೇ ಪ್ರೆಡ್ನಿಸೊಲೋನ್ ಇರುವುದು. ನಿಲ್ಲಿಸಿದರೆ ಪೊಟ್ಯಾಸಿಯಂ ಕುಸಿಯುತ್ತದೆ, ಬಿಪಿ ಏರುತ್ತದೆ, ಕಾಲು ಬಾಯುತ್ತವೆ, ಎದೆಬಡಿತ ತಪ್ಪುತ್ತದೆ. ಶುಗರ್ ಏರಿದರೆ ಶುಗರಿನ ಮದ್ದು ಬದಲಿಸಬೇಕೇ ಹೊರತು ಇದನ್ನಲ್ಲ. ಬೆಳಿಗ್ಗೆ ನುಂಗಿದ ಪ್ರೆಡ್ನಿಸೊಲೋನ್ ಶುಗರ್ ಏರಿಸುವುದು ಮಧ್ಯಾಹ್ನದಿಂದ ಸಂಜೆಯವರೆಗೆ. ಬೆಳಗಿನ ಖಾಲಿ ಹೊಟ್ಟೆಯ ರಿಪೋರ್ಟ್ ಎಷ್ಟೋ ಸಲ ನಾರ್ಮಲ್ ಇರುತ್ತದೆ. ಮಧ್ಯಾಹ್ನದ ಊಟದ ನಂತರ ಪರೀಕ್ಷೆ ಮಾಡಿಸಿದರೆ ಮಾತ್ರ ಸಿಕ್ಕಿಬೀಳುತ್ತದೆ.

ಅಬಿರಾಟೆರೋನನ್ನು 1000 ಮಿಲಿಗ್ರಾಂ ಖಾಲಿ ಹೊಟ್ಟೆಯಲ್ಲಿ ನುಂಗಬೇಕು, ಊಟದ ಜೊತೆಯಾದರೆ ರಕ್ತಕ್ಕೆ ಸೇರುವ ಪ್ರಮಾಣ ಹಲವು ಪಟ್ಟು ಏರುತ್ತದೆ. ಹಣ ಉಳಿಸಲು ಕೆಲವು ವೈದ್ಯರು ಇದನ್ನೇ ಬಳಸಿ 250 ಮಿಲಿಗ್ರಾಂ ಮಾತ್ರೆಯನ್ನು ತಿಂಡಿಯ ಜೊತೆ ಕೊಡುತ್ತಾರೆ. 72 ರೋಗಿಗಳ 2018ರ ಪ್ರಯೋಗದಲ್ಲಿ, ರೋಗದ ಏರಿಳಿತ ತೋರಿಸುವ ರಕ್ತಪರೀಕ್ಷೆಯಾದ ಪಿಎಸ್‌ಎ ಇಳಿದದ್ದು ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಆದರೆ ಎರಡರ ನಿಯಮ ಕಲಸಬಾರದು. ಪಿಯೊಗ್ಲಿಟಜೋನ್ ಅಥವಾ ರೆಪಾಗ್ಲಿನೈಡ್ ನುಂಗುವ ಶುಗರ್ ರೋಗಿಗೆ ಇನ್ನೊಂದು ಗಂಡಾಂತರ: ಅವನ್ನು ಕರಗಿಸುವ ಯಕೃತ್ತಿನ ಕಿಣ್ವವನ್ನು ಅಬಿರಾಟೆರೋನ್ ತಡೆಯುವುದರಿಂದ ಶುಗರ್ ದಿಢೀರ್ ಕುಸಿಯಬಹುದು. ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್ ಜೊತೆ ಪಿಯೊಗ್ಲಿಟಜೋನ್ ಸೇರಿಸಿದ ‘ಮೂರರ ಮಾತ್ರೆ’ ನಮ್ಮಲ್ಲಿ ಸಾಮಾನ್ಯ. ಹೆಸರು ನೋಡಿದರೆ ಗೊತ್ತಾಗುವುದಿಲ್ಲ, ಪಟ್ಟಿಯ ಹಿಂಬದಿ ಓದಬೇಕು.

ಇನ್ನು ಬೆಲ್ಲ, ಕಬ್ಬಿನ ಹಾಲು

ಚಹಾದ ಸಕ್ಕರೆ ಬಿಟ್ಟರೆ ಗಂಟು ಉಪವಾಸ ಬೀಳುತ್ತದೆಯೇ? ಮಿದುಳೊಂದಕ್ಕೇ ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಬೇಕು. ನೀವು ತಿನ್ನದಿದ್ದರೆ ಯಕೃತ್ತು ಸ್ನಾಯುವಿನ ಪ್ರೋಟೀನನ್ನಾದರೂ ಒಡೆದು ತಯಾರಿಸುತ್ತದೆ. ಈಗಾಗಲೇ ಸ್ನಾಯು ಕಳೆದುಕೊಳ್ಳುತ್ತಿರುವ ರೋಗಿಗೆ ಇದು ದುಬಾರಿ ವ್ಯಾಪಾರ. ಕಾರ್ಬೋಹೈಡ್ರೇಟ್ ಕಡಿತದ ಅಮೆರಿಕದ ಪ್ರಯೋಗವೊಂದರಲ್ಲಿ 57 ರೋಗಿಗಳ ತೂಕವೇನೋ ಇಳಿಯಿತು. ಪಿಎಸ್‌ಎ ದುಪ್ಪಟ್ಟಾಗುವ ವೇಗದಲ್ಲಿ ಮೊದಲೇ ಗೊತ್ತುಮಾಡಿದ ಲೆಕ್ಕದ ಪ್ರಕಾರ ಖಚಿತ ವ್ಯತ್ಯಾಸ ಬರಲಿಲ್ಲ. ತರಕಾರಿ ಹೆಚ್ಚಿಸಿ 478 ಜನರ ಮೇಲೆ ನಡೆಸಿ 2020ರಲ್ಲಿ ಪ್ರಕಟವಾದ ಪ್ರಯೋಗವೂ ರೋಗ ಮುಂದುವರಿಯುವುದನ್ನು ತಡೆಯಲಿಲ್ಲ. ಆಹಾರದಿಂದ ಗಂಟು ಕರಗಿಸುತ್ತೇವೆ ಎನ್ನುವವರ ಬಳಿ ಇದಕ್ಕಿಂತ ಒಳ್ಳೆಯ ಪುರಾವೆ ಇಲ್ಲ.

ಆದರೂ ಸಿಹಿ ತಗ್ಗಿಸಬೇಕು. ಕಾರಣ ಗಂಟಲ್ಲ, ಹೃದಯ, ಶುಗರ್. ವಿಶ್ವ ಆರೋಗ್ಯ ಸಂಸ್ಥೆ ಆದರ್ಶ ಎನ್ನುವ ಮಿತಿ ದಿನಕ್ಕೆ 25 ಗ್ರಾಂ, ಆರು ಚಮಚೆ. ಕಬ್ಬಿನ ಹಾಲಿನಲ್ಲಿ ಸಕ್ಕರೆ ಶೇ 12ರಿಂದ 15. ಅಂದರೆ 250 ಮಿಲಿಲೀಟರಿನ ಒಂದು ಗ್ಲಾಸಿನಲ್ಲೇ 30 ಗ್ರಾಂ ದಾಟಿತು. ಮಹಾಲಿಂಗಪುರದ ಬೆಲ್ಲ ಎಷ್ಟೇ ಹೆಸರುವಾಸಿಯಾದರೂ ಅದರ ಬಹುಪಾಲು ಅದೇ ಸುಕ್ರೋಸ್, ಶುಗರ್ ಮೀಟರಿಗೆ ಭೇದ ತಿಳಿಯದು. ಕರದಂಟಿನಲ್ಲಿ ಅಂಟು, ಉತ್ತತ್ತಿ ಇದ್ದ ಮಾತ್ರಕ್ಕೆ ಬೆಲ್ಲ ಔಷಧವಾಗುವುದಿಲ್ಲ. ಜೋಳದ ರೊಟ್ಟಿ, ಕಾಳುಪಲ್ಲೆ, ಮೊಸರು ಇರುವ ನಮ್ಮ ಊಟ ಈ ರೋಗಿಗಳಿಗೆ ಹೊಂದುತ್ತದೆ. ರೊಟ್ಟಿ ಒಂದು ಕಡಿಮೆ ಮಾಡಿ ಕಾಳು ಒಂದು ಹಿಡಿ ಹೆಚ್ಚಿಸಿದರೆ ಸಾಕು. ಊಟದಷ್ಟೇ ಮುಖ್ಯ ಸ್ನಾಯು ಉಳಿಸುವ ಕೆಲಸ: ವಾರಕ್ಕೆ 150 ನಿಮಿಷ ನಡಿಗೆ, ಜೊತೆಗೆ ಎರಡು ಮೂರು ದಿನ ಕುರ್ಚಿಯಿಂದ ಕೈಯೂರದೆ ಹತ್ತು ಸಲ ಏಳುವುದು, ಗೋಡೆಗೆ ಕೈಕೊಟ್ಟು ದೂಡುವುದು. ಬೆನ್ನುಮೂಳೆಗೆ ರೋಗ ಹರಡಿದ್ದರೆ ತುಂಬಿದ ಕೊಡ, ಗೊಬ್ಬರದ ಚೀಲ ಎತ್ತಲೇಬಾರದು. ಮೂಳೆ ಕುಸಿದು ನರ ಒತ್ತಿದರೆ ಕಾಲಿನ ಬಲ ಹೋಗುತ್ತದೆ.

ಕಡೆಯದಾಗಿ, ರಾತ್ರಿ ನಾಲ್ಕು ಸಲ ಒಂದಕ್ಕೆ ಏಳುವುದನ್ನೆಲ್ಲ ಪ್ರಾಸ್ಟೇಟಿನ ತಲೆಗೆ ಕಟ್ಟಬೇಡಿ. ರಕ್ತದ ಶುಗರ್ 180 ದಾಟಿದರೆ ಸಾಮಾನ್ಯವಾಗಿ ಅದು ಮೂತ್ರಕ್ಕೆ ಇಳಿದು ನೀರನ್ನೂ ಎಳೆದೊಯ್ಯುತ್ತದೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಶುಗರಿನ ಮಾತ್ರೆಗಳ ಕೆಲಸವೇ ಸಕ್ಕರೆಯನ್ನು ಮೂತ್ರದಲ್ಲಿ ಕಳಿಸುವುದು. ಪ್ರತಿ ಸಲ ಹೋಗುವ ಪ್ರಮಾಣ ಅಳೆದರೆ ಸುಳಿವು ಸಿಗುತ್ತದೆ: ಸ್ವಲ್ಪ ಸ್ವಲ್ಪ, ತಡೆದು ತಡೆದು ಬಂದರೆ ಪ್ರಾಸ್ಟೇಟ್, ಪ್ರತಿ ಸಲ ದೊಡ್ಡ ಲೋಟ ತುಂಬುವಷ್ಟು ಬಂದರೆ ಶುಗರ್ ನೋಡಿಸಿ. ಈ ಮಾತ್ರೆ ನುಂಗುವವರು ಕೀಟೋ ಆಹಾರ, ದೀರ್ಘ ಉಪವಾಸ ಮಾಡಿದರೆ ಶುಗರ್ ನಾರ್ಮಲ್ ತೋರಿಸುತ್ತಲೇ ರಕ್ತ ಆಮ್ಲೀಯವಾಗಿ ವಾಂತಿ, ಉಸಿರಾಟದ ಏದುಸಿರು ಬರಬಹುದು. ಆಪರೇಷನ್ ಗೊತ್ತಾಗಿದ್ದರೆ ಇವೆರಡನ್ನೂ ಕನಿಷ್ಠ ಮೂರು ದಿನ ಮುಂಚೆ ನಿಲ್ಲಿಸಬೇಕು, ಆ ದಿನಗಳಿಗೆ ಬದಲಿ ಏನು ಎಂದು ವೈದ್ಯರಿಂದ ಚೀಟಿಯಲ್ಲೇ ಬರೆಸಿಕೊಳ್ಳಬೇಕು.